ಎರಡನೇ ಗೇರಿನಿಂದ ಮೂರಕ್ಕೆ

ಮುಂದಿನ ಗಾಜಿಗೆ ಅಪ್ಪಳಿಸಿ ಸತ್ತ ಹುಳವೊಂದರ ರೆಕ್ಕೆ ಗಾಳಿಗೆ ಪಟಪಟನೆ ಹೊಡೆದುಕೊಳ್ಳುತ್ತಿದೆ, ಜೀವ ಹೋದರೂ ಹಾರುವ ಚಟ ಹೋಗಿಲ್ಲ ಇದಕ್ಕೆ, ವೈಪರ್ ಹಾಕಿದರೆ ಒಂದೇ ಏಟಿಗೆ ಹೋದೀತು, ಆದರೆ ವೈಪರ್ ಹಾಕಬೇಕಾದರೆ ಕೈ ಸ್ಟೀರಿಂಗ್ ಬಿಡಬೇಕು, ಕೈ ಬಿಡುತ್ತಿಲ್ಲ, ಗೆಣ್ಣುಗಳೆಲ್ಲ ಬಿಳಿಚಿಕೊಂಡಿವೆ — ಅಕ್ಕ, ಕೈ ಸ್ವಲ್ಪ ಸಡಿಲ ಬಿಡು, ಎಂದ ಪಕ್ಕದಲ್ಲಿ ಕೂತ ತಮ್ಮ, ತೊಡೆಯ ಮೇಲೆ ಲ್ಯಾಪ್‌ಟಾಪ್, ಅದರಿಂದ ಹೊರಟ ತಂತಿ ಅವಳ ಮೊಣಕಾಲಿನ ಪಕ್ಕದಿಂದ ಡ್ಯಾಶ್‌ಬೋರ್ಡಿನ ಅಡಿಗೆ ನುಗ್ಗಿ ಕಾರಿನ ಹೊಟ್ಟೆಯೊಳಗಿನದನ್ನೆಲ್ಲ ಕೇಳಿಕೊಂಡು ಬಂದು ಪರದೆಯ ಮೇಲೆ ಗೆರೆ ಎಳೆಯುತ್ತಿದೆ. ಕೈ ಸಡಿಲ ಬಿಡಿ, ಸ್ಟೀರಿಂಗ್ ನಿಮ್ಮ ಶತ್ರು ಅಲ್ಲ, ಕತ್ತು ಹಿಸುಕಬೇಡಿ — ಇದು ಅವಳದೇ ಮಾತಲ್ಲವೆ, ಇಷ್ಟು ವರ್ಷ ಎಷ್ಟೋ ಜನಕ್ಕೆ ಡ್ರೈವಿಂಗ್ ಕಲಿಸುವಾಗ ಎಡಗಡೆ ಬಲಗಡೆ ಎನ್ನುವಷ್ಟೇ ಸಲೀಸಾಗಿ ಹೇಳಿದ ಮಾತು, ಗಾಬರಿಬಿದ್ದ ಬ್ಯಾಂಕಿನವನಿಗೆ, ಮದುವೆಗೆ ಮುಂಚೆ ಕಲಿತೇ ತೀರುತ್ತೇನೆಂದು ಹಟ ಹಿಡಿದ ನರ್ಸಿಗೆ, ಕನ್ನಡಿಯಲ್ಲಿ ಹಿಂದಿನ ರಸ್ತೆ ಬಿಟ್ಟು ತನ್ನ ಮೀಸೆಯನ್ನೇ ನೋಡಿಕೊಳ್ಳುತ್ತಿದ್ದ ದರ್ಜಿಗೆ, ಅವರೆಲ್ಲ ಬೆನ್ನ ಹಿಂದೆ ಅವಳನ್ನು ಅರ್ಧ ಕ್ಲಚ್ಚು ಮೇಡಂ ಎನ್ನುತ್ತಿದ್ದರು, ಅವಳಿಗೂ ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು, ಈಗ ಅರ್ಧ ಕ್ಲಚ್ಚು ಮೇಡಮ್ಮಿಗೆ ತನ್ನ ಕಾಲಿನ ಮೇಲೇ ನಂಬಿಕೆ ಇಲ್ಲ. ಹಿಂದಿನ ಸೀಟಿನಲ್ಲಿ ಗಂಡ. ಬರುವುದು ಬೇಡ ಎಂದಿದ್ದಳು, ಬರಲೇಬೇಕು ಎಂದವನು ತಮ್ಮ, ಭಾವ ನೀವೂ ಬನ್ನಿ, ನಾಳೆ ಅಕ್ಕನ್ನ ಉಳಿಸೋಕೆ ಮೆಕ್ಯಾನಿಕ್ ತಮ್ಮ ಕಥೆ ಕಟ್ಟಿದ ಅನ್ನೋ ಮಾತು ಬೇಡ, ಎಂದು ನಗುನಗುತ್ತಲೇ ಹೇಳಿದ್ದ, ಗಂಡನೂ ನಕ್ಕಿದ್ದ, ಈಗ ಇಬ್ಬರೂ ನಗುತ್ತಿಲ್ಲ, ಸಿಮೆಂಟ್ ಪೈಪುಗಳ ಅಂಗಳ ದಾಟಿತು, ಇನ್ನು ಮುಂದೆ ಏರು.

ಅದೇ ಏರು. ಅವತ್ತು ಹಿಂದೆ ಕೂತಿದ್ದವರು ಅತ್ತೆ, ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಹೊಸ ಕನ್ನಡಕ ಹಾಕಿಸಿಕೊಂಡು ಬರುತ್ತಿದ್ದರು, ದಾರಿಯುದ್ದಕ್ಕೂ ಅಂಗಡಿ ಬೋರ್ಡುಗಳನ್ನೆಲ್ಲ ಜೋರಾಗಿ ಓದುತ್ತಿದ್ದರು, ಟೈರ್ ಪಂಕ್ಚರ್, ಝೆರಾಕ್ಸ್, ಇಲ್ಲಿ ಮೂತ್ರ ಮಾಡಬೇಡಿ, ನೋಡೇ, ಎಲ್ಲ ಎಷ್ಟು ಚೆನ್ನಾಗಿ ಕಾಣ್ತಿದೆ — ಮುಂದೆ ಮರಳಿನ ಲಾರಿ, ಏದುಸಿರು ಬಿಡುತ್ತ ಹತ್ತುತ್ತಿತ್ತು, ಅದರ ಹಿಂದೆ ಎರಡನೇ ಗೇರಿನಲ್ಲಿ ತೆವಳಿ ತೆವಳಿ ಸಾಕಾಗಿತ್ತು, ಎದುರು ರಸ್ತೆ ಖಾಲಿ, ದೂರದ ತಿರುವಿನವರೆಗೂ ಖಾಲಿ, ಅವಳು ನೋಡಿದ್ದಳು, ನೋಡದೆ ಹೋಗುವವಳಲ್ಲ, ಇಂಡಿಕೇಟರ್ ಹಾಕಿದಳು, ಹೊರಬಂದಳು, ಎರಡರಲ್ಲಿ ಚೆನ್ನಾಗಿ ಎಳೆದು ಕ್ಲಚ್ ಒತ್ತಿ ಮೂರಕ್ಕೆ ಹಾಕಿ ಮತ್ತೆ ಆಕ್ಸಿಲರೇಟರ್ ಒತ್ತಿದಳು, ಒತ್ತಿದಳಾ? — ಕಾರು ಬರಲಿಲ್ಲ. ಮೆಟ್ಟಿಲಿದೆ ಎಂದು ಕಾಲಿಟ್ಟಲ್ಲಿ ಮೆಟ್ಟಿಲಿರಲಿಲ್ಲ. ಎಂಜಿನ್ ಓಡುತ್ತಿದೆ, ಗೇರು ಬಿದ್ದಿದೆ, ಕಾರು ಮಾತ್ರ ಯಾರೋ ಹಿಂದಿನಿಂದ ಸೆರಗು ಹಿಡಿದಂತೆ ಅಲ್ಲೇ, ಲಾರಿಯ ಚಕ್ರದ ಪಕ್ಕದಲ್ಲೇ, ಮುಂದಕ್ಕೂ ಇಲ್ಲ ಹಿಂದಕ್ಕೂ ಇಲ್ಲ, ತಿರುವಿನಿಂದ ಬಸ್ಸು ಇಳಿಯಿತು, ಬಸ್ಸಿನ ಮುಖ ದೊಡ್ಡದಾಯಿತು, ಹಾರನ್ನು, ಅತ್ತೆ ಬೋರ್ಡು ಓದುವುದನ್ನು ನಿಲ್ಲಿಸಿದರು, ಬ್ರೇಕ್ ಒತ್ತಿದ್ದು ನೆನಪಿದೆ, ಲಾರಿಯ ಹಿಂದಕ್ಕೆ ಎಳೆದುಕೊಂಡದ್ದು ನೆನಪಿದೆ, ಎಡಗಡೆಯ ಚಕ್ರ ಚರಂಡಿಗೆ ಇಳಿದದ್ದು, ಆಮೇಲೆ ಹಿಂದಿನಿಂದ ಬಹಳ ಸಣ್ಣ ದನಿ, ಕೈ ನೋಯ್ತಾ ಇದೆ ಕಣೇ. ಮಣಿಕಟ್ಟಿನ ಮೂಳೆ ಮುರಿದಿತ್ತು. ಯಾರೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ ಇತ್ತು, ಎದುರು ಮಾತಾಡಬಹುದಿತ್ತು. ಗಂಡ ತಲೆ ನೇವರಿಸಿ ಆಗೋದು ಆಯ್ತು ಬಿಡು ಎಂದ, ಟರ್ಬೊ ಗಾಡಿ ಅಂದ್ಮೇಲೆ ಗೇರ್ ಹಾಕಿದಾಗ ಅಷ್ಟು ತಡ ಇದ್ದೇ ಇರುತ್ತೆ, ಲೆಕ್ಕ ತಪ್ಪುತ್ತೆ, ಯಾರಿಗಾದ್ರೂ ತಪ್ಪುತ್ತೆ, ಎಂದ, ಕಾರಿನ ಕೀ ಬಾಗಿಲ ಪಕ್ಕದ ಮೊಳೆಯಿಂದ ಅವನ ಜೇಬಿಗೆ ಹೋಯಿತು. ಕಲಿಯುವವರಿಗೆ ಫೋನ್ ಮಾಡಿ ಜ್ವರ ಎಂದಳು. ಇನ್ನೂ ವಾಸಿಯಾಗಿಲ್ವಾ ಮೇಡಂ ಎಂದು ನರ್ಸ್ ಕೇಳಿದಳು, ಎಂಥ ಜ್ವರ ಅದು, ನಾನೇ ಬಂದು ನೋಡ್ಲಾ?

ಇಲ್ಲಿಂದ ಶುರು ಮಾಡು, ಎಂದ ತಮ್ಮ, ಹಿಂದೆ ಯಾವ ಗಾಡೀನೂ ಇಲ್ಲ, ನಿನ್ನ ಸಾಲಲ್ಲೇ ಇರು, ಯಾರನ್ನೂ ದಾಟೋದು ಬೇಡ, ಅವತ್ತಿನ ಹಾಗೆ ಗೇರ್ ಹಾಕಿದ್ರೆ ಸಾಕು. ಪರದೆಯಲ್ಲಿ ಮೂರು ಗೆರೆ, ಮನೆಯಲ್ಲೇ ತೋರಿಸಿ ಹೇಳಿದ್ದ, ಹಸಿರು ಗೆರೆ ಎಂಜಿನ್ ಎಷ್ಟು ಗಾಳಿ ಕೇಳ್ತಿದೆ ಅಂತ, ಕೆಂಪು ಗೆರೆ ಟರ್ಬೊ ಎಷ್ಟು ಗಾಳಿ ಊದಿ ಕೊಡ್ತಿದೆ ಅಂತ, ಕೇಳಿದಷ್ಟು ಸಿಕ್ಕರೆ ಎರಡೂ ಜೋಡಿಯಾಗಿ ಹೋಗುತ್ತೆ, ಇದು ಹಳದಿ, ಇದು ನಿನ್ನ ಕಾಲು, ಪೆಡಲ್ ಎಷ್ಟು ಒತ್ತಿದೆ ಅನ್ನೋದು. ಕಾಲಿಗೂ ಒಂದು ಗೆರೆ ಇದೆ ಎಂದು ಯಾರಿಗೆ ಗೊತ್ತಿತ್ತು. ಒಂದು, ಎರಡು, ಕಾರು ಎಳೆಯಿತು, ಕ್ಲಚ್, ಮೂರು, ಒತ್ತು, ಕಾರು ಹೋಯಿತು, ಸೊಗಸಾಗಿ ಹೋಯಿತು, ಗಂಡ ಹಿಂದೆ ಸೀಟಿಗೆ ಒರಗಿದ ಸದ್ದು. ಇನ್ನೊಂದ್ಸಲ. ಏರಿನ ಬುಡಕ್ಕೆ ಬಂದು ಇನ್ನೊಂದು ಸಲ, ಮತ್ತೂ ಒಂದು ಸಲ, ಕಾರು ಒಳ್ಳೆಯ ಮನೆಯ ಮಗುವಿನ ಹಾಗೆ ಹೇಳಿದ ಮಾತು ಕೇಳುತ್ತಿದೆ, ಎಲ್ಲರ ಮುಂದೆ ಅವಳ ಮಾನ ಕಳೆಯಲೆಂದೇ ಕೇಳುತ್ತಿದೆ, ಕೆಟ್ಟು ಹೋಗು, ಈಗೊಮ್ಮೆ ಕೆಟ್ಟು ಹೋಗು ಪೀಡೆ, ಹೋಗುತ್ತಿಲ್ಲ. ತಮ್ಮ ಗಾಡಿ ಪಕ್ಕಕ್ಕೆ ನಿಲ್ಲಿಸಲು ಹೇಳಿದ, ಪರದೆಯನ್ನು ಅವಳ ಕಡೆ ತಿರುಗಿಸಿದ, ದನಿ ತಗ್ಗಿಸಿದ, ತಗ್ಗಿಸಿದರೆ ಏನು, ಕಾರೆಂದರೆ ಎಷ್ಟು ದೊಡ್ಡದು, ಹಿಂದಿನ ಸೀಟಿಗೂ ಕೇಳಿಸುತ್ತದೆ — ಅಕ್ಕ, ಹಳದಿ ನೋಡು, ಮೂರಕ್ಕೆ ಹಾಕಿದ್ಮೇಲೆ ನೀನು ಪೂರ್ತಿ ಒತ್ತುತ್ತಾ ಇಲ್ಲ, ಅರ್ಧಕ್ಕೆ ಬಂದು ಕಾಲು ಎತ್ತಿಬಿಡ್ತಿದ್ದೀಯ. ಇಲ್ಲ ಎಂದಳು. ಎಲ್ಲಾ ಸಲಾನೂ, ಎಂದ. ಹಳದಿ ಗೆರೆ ಹತ್ತಿ ಹತ್ತಿ ನಡುವೆ ಮುರಿದುಬಿದ್ದಿತ್ತು, ಪ್ರತಿ ಸಲವೂ ಅಲ್ಲೇ. ಅವಳಿಗೆ ಗೊತ್ತೇ ಆಗಿರಲಿಲ್ಲ. ತನ್ನದೇ ಕಾಲು, ತನ್ನದೇ ಚಪ್ಪಲಿಯೊಳಗಿನ ಕಾಲು, ತನಗೆ ಹೇಳದೆ ಎತ್ತುತ್ತಿದೆ, ಹಾಗಾದರೆ ಅವತ್ತೂ — ಅವತ್ತೂ ಹೀಗೇ ಎತ್ತಿತ್ತಾ, ಬಸ್ಸು ಕಾಣುವ ಮೊದಲೇ ಎತ್ತಿತ್ತಾ, ಅತ್ತೆಯ ಕೈಯನ್ನು ಮುರಿದದ್ದು ಈ ಕಾಲೇನಾ, ಇಷ್ಟು ಜನಕ್ಕೆ ಕಲಿಸಿದ ಈ ಕಾಲು. ಹಿಂದಿನ ಸೀಟಿನಲ್ಲಿ ಗಂಡ ಕೆಮ್ಮಿದ. ಸಾಕು ಬಿಡಪ್ಪ, ಪಾಪ, ಅವಳಿಗೆ ಸುಸ್ತಾಗಿದೆ, ಎಂದ, ನಾನು ಓಡಿಸ್ಕೊಂಡು ಹೋಗ್ತೀನಿ, ಮನೆಗೆ ಹೋಗೋಣ. ಪಾಪ. ಆ ಪಾಪ ಎನ್ನುವ ಮಾತು ಮನೆಯೊಳಗೆ ಅಡುಗೆಮನೆಯಿಂದ ಬಚ್ಚಲಿನವರೆಗೂ ಅವಳ ಹಿಂದೆ ಹಿಂದೆಯೇ ಅಲೆಯುತ್ತಿತ್ತು, ಈಗ ಕಾರಿಗೂ ಬಂದು ಕೂತಿದೆ.

ಅವನು ಬಾಗಿಲು ತೆಗೆದ, ಇಳಿದ, ಅವಳ ಕಡೆಗೆ ಸುತ್ತಿಕೊಂಡು ಬರುತ್ತಿದ್ದಾನೆ, ಮನೆಗೆ ಹೋದರೆ ಕೀ ಮತ್ತೆ ಜೇಬಿಗೆ, ಜ್ವರ ಎಂದಿಗೂ ಇಳಿಯುವುದಿಲ್ಲ, ಸೀಟು ಬಿಟ್ಟು ಇಳಿದುಬಿಡಬಹುದು, ಇಳಿದರೆ ಎಷ್ಟು ಸುಖ, ಅಷ್ಟರಲ್ಲಿ ತಮ್ಮ ಕೇಳಿದ, ಅತ್ತೆ ಏನಾದ್ರೂ ಹೇಳಿದ್ರಾ ಅಕ್ಕ, ಅವತ್ತಿನ ಬಗ್ಗೆ? ಏನು ಹೇಳುತ್ತಾರೆ, ಪಾಪ ಅವರು — ಹೇಳಿದ್ದರು, ಪ್ಲಾಸ್ಟರ್ ಹಾಕಿಸಿಕೊಂಡು ಬಂದ ದಿನ ಹೇಳಿದ್ದರು, ಗೇರ್ ಹಾಕಿದ್ಯಲ್ಲ, ಆಗ ಎಂಜಿನ್ ಕಡೆಯಿಂದ ಯಾರೋ ಉಸ್ಸಪ್ಪಾ ಅಂದ ಹಾಗಾಯ್ತು ಕಣೇ, ಗಂಡ ನಕ್ಕುಬಿಟ್ಟಿದ್ದ, ಅಮ್ಮ, ಉಸ್ಸಪ್ಪಾ ಅಂದಿದ್ದು ನೀನೇ ಇರ್ಬೇಕು, ಎಲ್ಲರೂ ನಕ್ಕರು, ಅತ್ತೆಯೂ ನಕ್ಕರು, ಮಾತು ಅಲ್ಲಿಗೇ ನಿಂತಿತು. ಈಗ ಅವಳು ಅದನ್ನೇ ಹೇಳಿದಾಗ ತಮ್ಮ ನಗಲಿಲ್ಲ. ಉಸ್ಸ್ ಅಂತ ಆಮೇಲೂ ಕೇಳ್ತಾ ಇತ್ತಂತಾ, ಅಥವಾ ಒಂದೇ ಸಲನಾ? ಬಸ್ ಬರೋವರೆಗೂ ಕೇಳ್ತಿತ್ತು ಅಂದ್ರು. ಅವನು ನೆಟ್ಟಗೆ ಕೂತ. ಗೇರ್ ಬದಲಾಯಿಸುವಾಗ ಕಾಲು ಎತ್ತಿದರೆ ಟರ್ಬೊ ಊದಿದ ಗಾಳಿಗೆ ಹೋಗೋಕೆ ಜಾಗ ಇರಲ್ಲ ಅಕ್ಕ, ಅದನ್ನ ಆಚೆ ಬಿಡೋಕೆ ಒಂದು ಸಣ್ಣ ವಾಲ್ವ್ ಇದೆ, ಬಾಗಿಲು ಇದ್ದ ಹಾಗೆ, ಉಸ್ಸ್ ಅಂತ ಒಂದು ಸಲ ತೆಗೆದು ನೀನು ಮತ್ತೆ ಒತ್ತಿದ ತಕ್ಷಣ ಮುಚ್ಕೋಬೇಕು, ಮುಚ್ಕೊಳ್ಳದೇ ಇದ್ರೆ ಗಾಳಿಯೆಲ್ಲ ಅಲ್ಲೇ ಸೋರಿಹೋಗುತ್ತೆ, ಆದ್ರೆ ನೀನು ಪೂರ್ತಿ ಒತ್ತದೆ ಅದು ಬಾಯಿ ಬಿಡಲ್ಲ, ಒಂದೇ ಒಂದ್ಸಲ ಒತ್ತು, ಏನಾದ್ರೂ ಆಗ್ಲಿ ಎತ್ತಬೇಡ. ಗಂಡ ಅವಳ ಬಾಗಿಲ ಹಿಡಿಗೆ ಕೈ ಹಾಕಿದ್ದ. ಅವಳು ಗಾಜು ಇಳಿಸಿದಳು. ಹಿಂದೆ ಕೂತ್ಕೊಳ್ಳಿ, ಎಂದಳು. ದನಿ ಡ್ರೈವಿಂಗ್ ಕಲಿಸುವ ದನಿಯಾಗಿತ್ತು, ತಾನೇ ಬೆಚ್ಚಿದಳು, ಅವನು ಹೋಗಿ ಕೂತ.

ಒಂದು. ಎರಡು. ಎಂಜಿನ್ ಕೂಗುತ್ತಿದೆ, ಇನ್ನೂ ಕೂಗಲಿ, ಅವತ್ತಿನಷ್ಟೇ ಕೂಗಲಿ, ಪಕ್ಕದಲ್ಲಿ ಮರಳಿನ ಲಾರಿ ಇದೆ ಎಂದುಕೊಳ್ಳುತ್ತಾಳೆ, ಮರಳು ಸೋರುತ್ತಿದೆ, ಹಿಂದೆ ಅತ್ತೆ ಬೋರ್ಡು ಓದುತ್ತಿದ್ದಾರೆ, ಕ್ಲಚ್ — ಮೂರು — ಒತ್ತು, ಮೇಲುಗಡೆ ತಿರುವಿನಲ್ಲಿ ನಿಜವಾಗಿಯೂ ಒಂದು ಲಾರಿ ಇಳಿಯಿತು, ತನ್ನ ಸಾಲಿನಲ್ಲಿ ತಾನು ಇಳಿಯುತ್ತಿದೆ, ಅವಳೂ ತನ್ನ ಸಾಲಿನಲ್ಲೇ ಇದ್ದಾಳೆ, ಅದಕ್ಕೂ ಇವಳಿಗೂ ಏನೂ ಸಂಬಂಧವಿಲ್ಲ, ಕಣ್ಣಿಗೆ ಗೊತ್ತು, ಕಾಲಿಗೆ ಗೊತ್ತಿಲ್ಲ, ಮೀನಖಂಡ ತಾನಾಗಿ ಸೆಟೆಯುತ್ತಿದೆ, ಎತ್ತು ಎತ್ತು ಎನ್ನುತ್ತಿದೆ, ಲಾರಿ ಬರ್ತಿದೆ, ಬಿಡು, ಕಾಲೆತ್ತೇ, ಎಂದು ಹಿಂದಿನಿಂದ ಗಂಡ ಕೂಗಿದ, ಅವಳು ಎತ್ತಲಿಲ್ಲ, ಹಿಮ್ಮಡಿ ನೆಲಕ್ಕೆ ಊರಿದ್ದಾಳೆ, ಹಲ್ಲಿನಲ್ಲಿ ತುಟಿ ಕಚ್ಚಿದ್ದಾಳೆ, ಪೆಡಲ್ ತಳ ಮುಟ್ಟಿತು, ಆಗ ಬಂತು. ಮೆಟ್ಟಿಲಿಲ್ಲದ ಮೆಟ್ಟಿಲು. ಕಾರು ನಿತ್ರಾಣವಾಗಿ ಹೊಯ್ದಾಡಿತು, ಎಂಜಿನ್ನಿನ ಕೂಗಿನ ಅಡಿಯಿಂದ ಉಸ್ಸ್ — ನಿಲ್ಲಲಿಲ್ಲ, ಉಸ್ಸ್ ಎನ್ನುತ್ತಲೇ ಇದೆ, ಮೂವರೂ ಕೇಳುತ್ತಿದ್ದಾರೆ, ಗಂಡ ಅರ್ಧಕ್ಕೇ ಬಾಯಿ ಮುಚ್ಚಿದ, ಲಾರಿ ಧೂಳೆಬ್ಬಿಸಿ ಪಕ್ಕದಲ್ಲಿ ದಾಟಿಹೋಯಿತು, ಹಿಡ್ಕೋ, ಹಿಡ್ಕೋ ಅಕ್ಕ, ಹಾಗೇ ಇರ್ಲಿ, ಎಂದು ತಮ್ಮ ಕಿರುಚುತ್ತಿದ್ದಾನೆ, ಹಸಿರು ಮೇಲಕ್ಕೆ ಹೋಯ್ತು, ಕೆಂಪು ನೆಲ ಬಿಟ್ಟು ಏಳ್ತಿಲ್ಲ, ಹಳದಿ ನೋಡಿ ಭಾವ, ಹಳದಿ ನೋಡಿ, ಗೋಡೆ ಥರ ನೆಟ್ಟಗಿದೆ! ನೋಡಿದನೋ ಇಲ್ಲವೋ. ಅವಳು ಕನ್ನಡಿಯಲ್ಲಿ ಅವನ ಮುಖ ನೋಡಲಿಲ್ಲ. ಏರಿನ ನೆತ್ತಿಯಲ್ಲಿ ಗಾಡಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆದಾಗ ಕಾಲು ಪೆಡಲ್ ಮೇಲಿಂದ ಎತ್ತಲು ಬರಲಿಲ್ಲ, ಕೈಯಲ್ಲಿ ಮೊಣಕಾಲು ಹಿಡಿದು ಎತ್ತಿ ಪಕ್ಕಕ್ಕೆ ಇಟ್ಟಳು, ಸಾಮಾನು ಎತ್ತಿಟ್ಟ ಹಾಗೆ.

ಬಾನೆಟ್ ತೆರೆದಿದೆ, ಬಿಸಿಗಾಳಿ ಮುಖಕ್ಕೆ ಹೊಡೆಯುತ್ತಿದೆ, ರಬ್ಬರು ಎಣ್ಣೆ ಬೆರೆತ ವಾಸನೆ, ತಮ್ಮ ಬಟ್ಟೆ ಸುತ್ತಿದ ಕೈಯನ್ನು ಸಂದಿಯೊಳಗೆ ಇಳಿಸಿ ಅಯ್ಯೋ ಸುಡ್ತು ಎಂದು ಎಳೆದುಕೊಂಡು ಮತ್ತೆ ಇಳಿಸಿ ಸ್ಕ್ರೂ ಬಿಚ್ಚುತ್ತಿದ್ದಾನೆ, ಗಂಡ ಬಾನೆಟ್ಟಿಗೆ ಕಡ್ಡಿ ಕೊಟ್ಟಿದ್ದರೂ ಅದನ್ನು ಕೈಯಲ್ಲಿ ಹಿಡಿದು ನಿಂತಿದ್ದಾನೆ, ಹಿಡಿಯದಿದ್ದರೆ ಆ ಕೈಯನ್ನು ಎಲ್ಲಿಡಬೇಕೋ ತಿಳಿಯದವನ ಹಾಗೆ. ಕೊನೆಗೆ ಹೊರಬಂದದ್ದು ಇಷ್ಟೇ ಇಷ್ಟು, ಅಂಗೈಯೊಳಗೆ ಮುಚ್ಚಿಹೋಗುವ ಕಪ್ಪು ಡಬ್ಬಿ, ಅದೇ ಆ ವಾಲ್ವ್, ಅದರ ಬಾಯಿಗೆ ಬಿಗಿದ ತೆಳು ರಬ್ಬರಿನ ಬಿಲ್ಲೆ. ಇಷ್ಟಕ್ಕಾ, ಎಂದ ಗಂಡ. ಇಷ್ಟಕ್ಕೇ, ಎಂದ ತಮ್ಮ, ರಬ್ಬರು ಹರಿದಿದೆ, ಹೊಸದು ಹಾಕಿದ್ರೆ ಮುಗೀತು, ಸದ್ಯಕ್ಕೆ ಇದನ್ನೇ ಕೂಡಿಸ್ತೀನಿ, ಮೆಲ್ಲಗೆ ಹೋದ್ರೆ ಏನೂ ಮಾಡಲ್ಲ, ಮೆಲ್ಲಗೆ ಓಡ್ಸೋವಾಗ ಹರಿದಿದ್ದು ಅಂಟ್ಕೊಂಡೇ ಇರುತ್ತೆ. ಗಂಡ ಒಂದು ಹೆಜ್ಜೆ ಹತ್ತಿರ ಬಂದ. ನೀನು ಎತ್ತಿರಲಿಲ್ಲ, ಎಂದ, ಅವಳಿಗಲ್ಲ, ಎಂಜಿನ್ನಿಗೆ ಹೇಳಿದಂತೆ, ನಾನೇ ಬಿಡು ಬಿಡು ಅಂತ ಕೂಗಿದ್ರೂ ನೀನು ಎತ್ತಲಿಲ್ಲ — ವಾಪಸ್ ನೀನೇ ಓಡಿಸ್ತೀಯಾ? ಉತ್ತರ ಹೇಳಬೇಕು, ಹೂಂ ಎನ್ನಬೇಕು, ನರ್ಸಿಗೆ ಫೋನ್ ಮಾಡಿ ಜ್ವರ ಬಿಟ್ಟಿತು ಎನ್ನಬೇಕು, ಇವತ್ತು ಎತ್ತಲಿಲ್ಲ, ನಿಜ, ಮೂವರೂ ನೋಡಿದೆವು, ಇವತ್ತಿನದಕ್ಕೆ ಹಳದಿ ಗೆರೆ ಇದೆ, ಅವತ್ತಿನದಕ್ಕೆ ಯಾರು ಗೆರೆ ಎಳೆದಿದ್ದಾರೆ, ಅವತ್ತು ಈ ರಬ್ಬರು ಮೊದಲು ಬಾಯಿ ಬಿಟ್ಟಿತೋ ತನ್ನ ಕಾಲು ಮೊದಲು — ತಮ್ಮನ ಕೈಯಿಂದ ಅದನ್ನು ತೆಗೆದುಕೊಂಡಳು, ಇನ್ನೂ ಬೆಚ್ಚಗಿತ್ತು, ಬಿಸಿಲಿಗೆ ಹಿಡಿದಳು, ಏನೂ ಕಾಣಲಿಲ್ಲ, ಕಪ್ಪು, ನುಣುಪು, ಒಂದು ಗೀರೂ ಇಲ್ಲ, ಹೆಬ್ಬೆರಳಿನಿಂದ ಒತ್ತಿದಳು, ಅಂಚಿನಲ್ಲಿ ಉಗುರಿನಷ್ಟು ಬಾಗಿದ ಸೀಳು ತೆರೆದು ಅದರಾಚೆಯ ಬಿಸಿಲು ಕಣ್ಣಿಗೆ ಚುಚ್ಚಿತು, ಬಿಟ್ಟಳು, ಮುಚ್ಚಿಕೊಂಡಿತು, ಕಪ್ಪು, ನುಣುಪು, ಒತ್ತಿದಳು, ಬೆಳಕು, ಕೇಳಿಸ್ತಾ, ನೀನೇ ಓಡಿಸ್ತೀಯಾ, ಎನ್ನುತ್ತಿದ್ದಾನೆ, ಬಿಟ್ಟಳು, ಕಪ್ಪು, ಒತ್ತಿದಳು, ಉಗುರಿನಷ್ಟು ಬೆಳಕು, ಬಿಟ್ಟಳು, ಒತ್ತಿದಳು, ಬೆಳಕಿನ ಆ ಸೀಳು ಮತ್ತೆ ತೆರೆಯಿತು.