ಸರ್ಕಲ್ಲಿನಲ್ಲಿ ಎಲ್ಲರೂ ‘ನೀನು’

ನಮ್ಮ ಸರ್ಕಲ್ಲನ್ನು ಖಾಲಿ ಮಾಡಿಸಿದ್ದು ಪೊಲೀಸರು ಎಂದು ಊರಿನಲ್ಲಿ ಈಗಲೂ ಹೇಳುತ್ತಾರೆ. ಸುಳ್ಳು. ಪೊಲೀಸರು ಮೂರು ಸಲ ಬಂದು ನಮ್ಮ ಹಲಗೆ ಗುಡಿಸಲನ್ನು ಕಿತ್ತುಹಾಕಿದರು, ಮೂರು ಸಲವೂ ನಾವು ಮತ್ತೆ ಕಟ್ಟಿಕೊಂಡೆವು. ಅದನ್ನು ಮುಗಿಸಿದವಳು ನಾನು. ಇದನ್ನು ಇದುವರೆಗೆ ಯಾರ ಹತ್ತಿರವೂ ಬಾಯಿಬಿಟ್ಟಿಲ್ಲ.

ನನ್ನ ಹೆಸರು ಗಿಸ್ಲೆನ್. ಮನೆಮನೆಗೆ ಹೋಗಿ ವಯಸ್ಸಾದವರಿಗೆ ಸ್ನಾನ ಮಾಡಿಸುವುದು ನನ್ನ ಕೆಲಸ. ಮನೆಯೊಳಗೆ ಕಳೆದ ಹೊತ್ತಿಗೆ ಸಂಬಳ ಕೊಡುತ್ತಾರೆ. ಒಂದು ಹಳ್ಳಿಯಿಂದ ಇನ್ನೊಂದಕ್ಕೆ ಕಾರು ಓಡಿಸುವ ಹೊತ್ತಿಗೆ ಕಾಸಿಲ್ಲ, ಅದು ನನ್ನ ಹಣೆಬರಹ. ಸಿರಿವಂತರ ತೆರಿಗೆ ಇಳಿಸಿ ಆಗಿನ್ನೂ ವರ್ಷ ಕಳೆದಿರಲಿಲ್ಲ, ನಮ್ಮ ಡೀಸೆಲ್ ಮೇಲೆ ಇನ್ನಷ್ಟು ತೆರಿಗೆ ಹಾಕುತ್ತೇವೆ ಎಂದರು ಸರ್ಕಾರದವರು. ನನಗೆ ಮೈಯೆಲ್ಲ ಉರಿದುಹೋಯಿತು. ಪ್ರತಿ ಕಾರಿನಲ್ಲೂ ಇರಲೇಬೇಕಾದ ಆ ಹಳದಿ ಜಾಕೆಟ್ ತೊಟ್ಟುಕೊಂಡು, ನವೆಂಬರಿನ ಒಂದು ಶನಿವಾರ ಸೂಪರ್ ಮಾರ್ಕೆಟ್ ಎದುರಿನ ಸರ್ಕಲ್ಲಿಗೆ ಹೋದೆ. ಆ ತೆರಿಗೆ ಬೇಡವೆಂದು, ಅದೇ ಜಾಕೆಟ್ ತೊಟ್ಟ ಎಪ್ಪತ್ತು ಜನ ಆಗಲೇ ಸೇರಿದ್ದರು.

ಅಲ್ಲಿಯ ಕಾನೂನು ತಿಳಿಸಿದವನು ಮಾರ್ಸಿಯಾಲ್, ನಿವೃತ್ತ ಲಾರಿ ಡ್ರೈವರ್.

“ಇಲ್ಲಿ ನೀವು-ಗೀವು ಏನೂ ನಡೆಯಲ್ಲ. ಎಲ್ಲರೂ ನೀನು. ನೀವು ಅಂದವರು ಬೆಂಕಿಗೆ ಒಂದು ಹೊರೆ ಸೌದೆ ತಂದು ಹಾಕಬೇಕು.”

“ಈ ಕಾನೂನು ಮಾಡಿದ್ದು ನೀವೇನಾ?” ಅಂದೆ.

“ನೋಡು, ಬಂದು ಐದು ನಿಮಿಷ ಆಗಿಲ್ಲ, ಆಗಲೇ ಒಂದು ಹೊರೆ ಬಿತ್ತು.”

ನಮ್ಮ ಕಡೆ ಇದು ಸಣ್ಣ ಮಾತಲ್ಲ. ಇಪ್ಪತ್ತು ವರ್ಷ ಪಕ್ಕದ ಮನೆಯಲ್ಲಿದ್ದರೂ ‘ನೀವು’ ಎಂದೇ ಮಾತಾಡುವ ಜನ ನಾವು. ನಾನಂತೂ ಹುಟ್ಟಿದಾಗಿನಿಂದ ‘ನೀವು’ ಅನ್ನುತ್ತಲೇ ಬಂದವಳು: ಡಾಕ್ಟರಿಗೆ, ಬ್ಯಾಂಕಿನವರಿಗೆ, ನನ್ನ ಕೈಯಲ್ಲಿ ಬೆನ್ನು ತಿಕ್ಕಿಸಿಕೊಳ್ಳುವವರಿಗೆ. ಮೊದಮೊದಲು ನಾನು ಹಾಕಿದ ಸೌದೆಯಲ್ಲೇ ಅರ್ಧ ಸರ್ಕಲ್ಲು ಚಳಿ ಕಾಯಿಸಿಕೊಂಡಿತು.

ಎರಡನೆಯ ಶನಿವಾರ ಮದಾಮ್ ಬ್ರೋಸಾರ್ ದೊಡ್ಡ ಪಾತ್ರೆಯಲ್ಲಿ ಕುಂಬಳಕಾಯಿ ಸೂಪು ಹೊತ್ತುಕೊಂಡು ಬಂದಾಗ ನಾನು ಬೆಚ್ಚಿಬಿದ್ದೆ. ಪೇಟೆಯಲ್ಲಿ ಅವರದು ಬಟ್ಟೆ ಅಂಗಡಿ. ಅಣ್ಣ ಪುರಸಭೆಯ ಉಪಾಧ್ಯಕ್ಷ. ಆರು ವರ್ಷದಿಂದ ಅವರ ತಾಯಿಗೆ ಸ್ನಾನ ಮಾಡಿಸುತ್ತಿದ್ದವಳು ನಾನು. ಸೂಪರ್ ಮಾರ್ಕೆಟ್ ಬಂದ ಮೇಲೆ ಅಂಗಡಿಗೆ ನೊಣವೂ ಬರುತ್ತಿರಲಿಲ್ಲವಂತೆ. ನನ್ನನ್ನು ಕಂಡು ಅವರೂ ತಬ್ಬಿಬ್ಬಾದರು.

“ನಾನು ಒಡಿಲ್,” ಎಂದು ಹೊಸಬರಿಗೆ ಹೇಳುವಂತೆ ಹೇಳಿ ನನ್ನ ಕೆನ್ನೆಗೆ ಕೆನ್ನೆ ತಾಗಿಸಿದರು. “ಬಟ್ಟಲು ಹಿಡಿಯೇ ಗಿಸ್ಲೆನ್, ಬಿಸಿ ಇದೆ.”

ಐವತ್ತನಾಲ್ಕನೆಯ ವಯಸ್ಸಿನಲ್ಲಿ ನನಗೊಬ್ಬಳು ಗೆಳತಿ ಸಿಕ್ಕಳು. ಹೀಗೆ ಬರೆಯುವುದಕ್ಕೂ ನಾಚಿಕೆಯಾಗುತ್ತದೆ, ಆದರೆ ನಿಜ.

ಅವಳ ತಾಯಿಯ ಮನೆಯಲ್ಲಿ ಮಾತ್ರ ಹಳೆಯ ಪದ್ಧತಿಯೇ. ಮುದುಕಿಯ ಎದುರು ನಾನು “ಟವೆಲ್ ಕೊಡಿ ಮದಾಮ್” ಅನ್ನುತ್ತಿದ್ದೆ, ಒಡಿಲ್ “ತಗೊಳ್ಳಿ” ಅನ್ನುತ್ತಿದ್ದಳು. ಹೊರಡುವಾಗ ಬಾಗಿಲ ಹಿಂದೆ ನನ್ನ ತೋಳು ಚಿವುಟಿ, “ಶನಿವಾರ ಬರ್ತೀಯಲ್ಲೇ?” ಎಂದು ಪಿಸುಗುಟ್ಟುತ್ತಿದ್ದಳು. ಇಬ್ಬರೂ ಬಾಯಿಮುಚ್ಚಿಕೊಂಡು ನಗುತ್ತಿದ್ದೆವು.

ಚಳವಳಿ ಅಂದರೆ ಘೋಷಣೆ, ಬಾವುಟ ಅಂದುಕೊಂಡಿದ್ದೆ. ನಮ್ಮದು ನಡೆದದ್ದು ಸೂಪಿನ ಮೇಲೆ, ಬೇಕರಿಯವನು ಕೊಡುತ್ತಿದ್ದ ನಿನ್ನೆಯ ಬ್ರೆಡ್ಡಿನ ಮೇಲೆ, ಒಣ ಕಾಲುಚೀಲದ ಮೇಲೆ. ಹಾದುಹೋಗುವ ಕಾರು ಹಾರ್ನ್ ಹೊಡೆದರೆ ಅರ್ಧ ಗಂಟೆಯ ಚಳಿ ಮರೆತುಹೋಗುತ್ತಿತ್ತು. ಕ್ರಿಸ್‌ಮಸ್ ಕಳೆದ ಮೇಲೆ ಜನ ಕರಗತೊಡಗಿದರು. ಒಬ್ಬನಿಗೆ ದಂಡ ಬಿತ್ತು, ಒಬ್ಬಳಿಗೆ ಶನಿವಾರವೂ ಕೆಲಸ ಹಾಕಿದರು, ಇನ್ನೊಬ್ಬರಿಗೆ ಸಾಕಾಗಿಹೋಯಿತು. ಯಾರನ್ನೂ ಬೈಯಲಾರೆ. ಮಾರ್ಚಿನಲ್ಲಿ ಮಾರ್ಸಿಯಾಲ್ ಸೊಂಟದ ಆಪರೇಷನ್ನಿಗೆಂದು ಆಸ್ಪತ್ರೆ ಸೇರಿದ. ಆ ಹೊತ್ತಿಗೆ ಉಳಿದವರು ಒಡಿಲ್ ಮತ್ತು ನಾನು ಮಾತ್ರ. ನೋಡಲು ಹೋದ ನಮ್ಮಿಬ್ಬರ ಕೈ ಹಿಡಿದುಕೊಂಡ.

“ಒಬ್ಬಳೇ ನಿಂತರೆ ಹುಚ್ಚಿ ಅಂತಾರೆ. ಇಬ್ಬರು ನಿಂತರೆ ಚಳವಳಿ ಅಂತಾರೆ. ಏಪ್ರಿಲ್‌ಗೆ ಎದ್ದು ಬರ್ತೀನಿ, ಇನ್ನೂ ಹತ್ತು ಜನರನ್ನ ಎಳಕೊಂಡು ಬರ್ತೀನಿ. ಅಲ್ಲಿವರೆಗೆ ಒಂದು ಶನಿವಾರವೂ ತಪ್ಪಿಸಬೇಡಿ ಕಣ್ರೇ.”

“ತಪ್ಪಲ್ಲ,” ಎಂದಳು ಒಡಿಲ್. ಎರಡು ಶನಿವಾರ ನಾವಿಬ್ಬರೇ ನಿಂತೆವು.

ಮೂರನೆಯ ಶನಿವಾರ ಬೆಳಿಗ್ಗೆ ಸಂತೆಗೆ ಹೋಗಿದ್ದೆ. ಚೀಸ್ ಅಂಗಡಿಯ ಮುಂದೆ ಒಡಿಲ್ ಕಂಡಳು. ಪಕ್ಕದಲ್ಲಿ ಅವಳ ಅಣ್ಣ. ಸರ್ಕಲ್ಲಿನವರು ಕೆಲಸವಿಲ್ಲದ ಪುಂಡರು ಎಂದು ಪತ್ರಿಕೆಗೆ ಹೇಳಿದ್ದವನು. ಉಣ್ಣೆಯ ಒಳ್ಳೆಯ ಕೋಟು, ಮಿರಮಿರ ಮಿಂಚುವ ಬೂಟು. ನನ್ನ ಮೈಮೇಲೆ ಕೆಲಸದ ನಿಲುವಂಗಿ, ಕೈಯಲ್ಲಿ ಆಲೂಗಡ್ಡೆಯ ಚೀಲ. ಒಡಿಲ್ ನನ್ನನ್ನು ನೋಡಿದವಳೇ ಎರಡು ಹೆಜ್ಜೆ ಮುಂದೆ ಬಂದು, ಮುಖ ಅರಳಿಸಿಕೊಂಡು ಕೆನ್ನೆ ಚಾಚಿದಳು.

ನಾನು ಹಿಂದೆ ಸರಿದೆ. ಕುಲುಕಲೆಂದು ಕೈ ಮುಂದೆ ಮಾಡಿದೆ.

“ನಮಸ್ಕಾರ ಮದಾಮ್ ಬ್ರೋಸಾರ್. ನಿಮ್ಮ ತಾಯಿಯವರು ಹೇಗಿದ್ದಾರೆ?”

ಅವಳ ಮಾನ ಉಳಿಸುತ್ತಿದ್ದೇನೆ ಅಂದುಕೊಂಡೆ, ದೇವರಾಣೆ. ಅಣ್ಣನ ಎದುರು ಅವಳಿಗೆ ಮುಜುಗರ ಆಗದಿರಲಿ ಎಂದು. ಅವಳ ಮುಖ ಬಿಳಿಚಿಕೊಂಡಿತು. ನನ್ನ ಕೈ ಮುಟ್ಟಿ, “ಚೆನ್ನಾಗಿದ್ದಾರೆ. ನೀವು ಕೇಳಿದ್ದು ಸಂತೋಷ,” ಎಂದಳು.

ಅವತ್ತು ಮಧ್ಯಾಹ್ನ ಎರಡರಿಂದ ಕತ್ತಲಾಗುವವರೆಗೂ ಸರ್ಕಲ್ಲಿನಲ್ಲಿ ಒಬ್ಬಳೇ ನಿಂತೆ. ಬಿಳಿ ಕಾರು ಕಂಡಾಗಲೆಲ್ಲ ಒಡಿಲ್ ಬಂದಳು ಅಂದುಕೊಂಡೆ. ಪೊಲೀಸ್ ಗಾಡಿಯೊಂದು ನಿಧಾನವಾಗಿ ಒಂದು ಸುತ್ತು ಬಂತು. ಒಳಗಿದ್ದವನು ಗಾಜು ಇಳಿಸಿ, “ಮನೆಗೆ ಹೋಗಿ ಮದಾಮ್, ಶೀತ ಆಗುತ್ತೆ,” ಎಂದ. ಗುಡಿಸಲನ್ನು ಕೀಳುವ ಗೋಜಿಗೂ ಹೋಗಲಿಲ್ಲ. ನನಗೆ ಅಳು ಬಂದುಬಿಟ್ಟಿತು.

ಸೋಮವಾರ ಮುದುಕಿಯ ಮನೆಗೆ ಹೋದಾಗ ಬಾಗಿಲು ತೆಗೆದವಳು ಒಡಿಲ್. ಮುದುಕಿ ಒಳಗೆ ನಿದ್ದೆಯಲ್ಲಿದ್ದಳು, ಪಡಸಾಲೆಯಲ್ಲಿ ನಾವಿಬ್ಬರೇ. ಅವಳು ದನಿ ಏರಿಸಲಿಲ್ಲ.

“ಶನಿವಾರ ನೀವು ಬರೋದು ದೂರದಿಂದಲೇ ಕಂಡಿತ್ತು. ಅಣ್ಣನಿಗೆ ಹೇಳ್ದೆ, ನಿಂತ್ಕೋ, ನನ್ನ ಗೆಳತಿ ಬರ್ತಿದ್ದಾಳೆ, ಪರಿಚಯ ಮಾಡಿಸ್ತೀನಿ, ಇವತ್ತು ಮಧ್ಯಾಹ್ನ ನಾವಿಬ್ಬರೂ ಸರ್ಕಲ್ಲಲ್ಲಿ ಇರ್ತೀವಿ ಅಂತ. ನಾಲ್ಕು ತಿಂಗಳಿಂದ ಅವನ ಹತ್ತಿರ ಮುಚ್ಚಿಟ್ಟಿದ್ದೆ. ಅವತ್ತು ಧೈರ್ಯ ಮಾಡಿದ್ದೆ.”

ನಾನು ಚೀಲದಿಂದ ಸೋಪು ತೆಗೆದೆ.

“ನೀವು ಆ ಕಡೆ ಹೋದ ಮೇಲೆ ಅವನು ನಕ್ಕ. ‘ನೋಡಿದೆಯಾ, ತನ್ನ ಜಾಗ ಯಾವುದು ಅಂತ ಅವಳಿಗೇ ಗೊತ್ತು’ ಅಂದ. ಮಧ್ಯಾಹ್ನ ಕಾರಲ್ಲಿ ಕೂತೆ. ಕೀ ತಿರುಗಿಸೋಕೆ ಆಗಲಿಲ್ಲ.” ಕೈಯಲ್ಲಿದ್ದ ಟವೆಲ್ ಮಡಿಸುತ್ತಾ ಹೇಳಿದಳು: “ನಾವು ಸಮ ಆಗಿದ್ದೀವಿ ಅಂತ ನಾನು ನಂಬಿದ್ದೆ ಗಿಸ್ಲೆನ್.”

ಒಂದೇ ಒಂದು ಮಾತು ಸಾಕಿತ್ತು. ಅವಳು ಕಾಯುತ್ತಿದ್ದಳು, ಅದು ನನಗೆ ಕಾಣುತ್ತಿತ್ತು. ‘ಕ್ಷಮಿಸು ಕಣೇ’ ಅನ್ನಬೇಕಿತ್ತು. ಒಳಗಿಂದ ಮುದುಕಿ ಕೆಮ್ಮಿದಳು. ಕೈಯಲ್ಲಿ ಸೋಪು, ಮೈಮೇಲೆ ಕೆಲಸದ ನಿಲುವಂಗಿ, ನಿಂತದ್ದು ಅವರ ಮನೆಯ ನೆಲದ ಮೇಲೆ. ಬಾಯಿ ತೆರೆದೆ.

“ಕ್ಷಮಿಸಿ ಮದಾಮ್,” ಅಂದೆ.

ಅವಳು ತಲೆಯಾಡಿಸಿ, ಟವೆಲ್ ನನ್ನ ಕೈಗಿತ್ತು, ಅಂಗಡಿಗೆ ಹೊರಟಳು. ಮುಂದಿನ ಶನಿವಾರ ಸರ್ಕಲ್ಲಿನಲ್ಲಿ ಯಾರೂ ಇರಲಿಲ್ಲ.