ಎರಡನೆಯ ಗುಂಡು

ಕೋವಿಯಿಂದ ಒಂದು ಗುಂಡು ಹಾರಿ ಎರಡನೆಯದು ಹಾರದಿರುವುದು ನಾಡಿನ ನೆಮ್ಮದಿಯನ್ನೇ ಅಲುಗಿಸುವ ವಿಚಾರ. ಕೊಡಗಿನಲ್ಲಿ ಎರಡು ಗುಂಡು ಕೇಳಿದರೆ ಯಾರೋ ತೀರಿಕೊಂಡಿದ್ದಾರೆ. ಒಂದೇ ಕೇಳಿದರೆ ಯಾರ ಮನೆಯಲ್ಲೋ ಗಂಡು ಹುಟ್ಟಿದೆ. ಒಂದೂವರೆಗೆ ಅರ್ಥವಿಲ್ಲ.

ಆ ಬೆಳಿಗ್ಗೆ ಅಂಗಳದಲ್ಲಿ ನಿಂತು ಚಿಣ್ಣಪ್ಪ ತನ್ನ ಅಜ್ಜನ ಕಾಲದ ಜೋಡುನಳಿಗೆ ಕೇಪಿನ ಕೋವಿಯನ್ನು ಆಕಾಶಕ್ಕೆತ್ತಿದ. ಬಲಗಡೆಯ ನಳಿಗೆ ಢಮಾರೆಂದಿತು. ಎಡಗಡೆಯ ಕೇಪಿಗೆ ಬಡಿದು ಸಿಡಿಸಬೇಕಾದ ಕುದುರೆ ಅರ್ಧ ದಾರಿಗೆ ಬಂದು, ಏನೋ ನೆನಪಾದಂತೆ ನಿಂತುಬಿಟ್ಟಿತು. ಮತ್ತೆ ಎಳೆದ. ಕುದುರೆ ಅಲುಗಲಿಲ್ಲ.

ಒಳಗೆ ಕೋವಿ ರಿಪೇರಿಯ ಬೆಳ್ಯಪ್ಪನನ್ನು ಬಿಳಿ ಬಟ್ಟೆಯಲ್ಲಿ ಮಲಗಿಸಿದ್ದರು. ಸುತ್ತಿನ ಊರುಗಳ ಕೋವಿಗಳೆಲ್ಲ ಅವನ ಕೈ ಹಾದುಹೋದವೇ. ಈಗಲೂ ಜಗುಲಿಯ ಪಕ್ಕದ ಅಂಗಡಿಯಲ್ಲಿ ಒಂದು ಸಾಲು ಗೋಡೆಗೊರಗಿ ನಿಂತಿತ್ತು. ಒಂದಕ್ಕೆ ಕುದುರೆಯಿಲ್ಲ, ಇನ್ನೊಂದಕ್ಕೆ ಹಿಡಿಯಿಲ್ಲ. ಬೆಳ್ಯಪ್ಪನ ಸ್ವಂತದ್ದಂತೂ ಬಿಡಿಬಿಡಿಯಾಗಿ ಮೇಜಿನ ಮೇಲೆ ಹರಡಿಕೊಂಡಿತ್ತು. ಸಾವು ಸಾರಲು ಆ ಮನೆಯಲ್ಲಿ ಗುಂಡು ಹಾರಿಸುವ ಕೋವಿ ಒಂದೂ ಇರಲಿಲ್ಲ. ಅದಕ್ಕೇ ಪಕ್ಕದ ತೋಟದ ಚಿಣ್ಣಪ್ಪ, ಆ ಮೆಟ್ಟಿಲು ಹತ್ತುವುದನ್ನು ಎಂದೋ ಬಿಟ್ಟಿದ್ದವನು, ಯಾರೂ ಕರೆಯದೆ ತನ್ನದನ್ನು ತಂದಿದ್ದ.

ಅಪ್ಪಚ್ಚುವಿನ ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಅವನು ಕೆಳಗಿನ ಮನೆಯವನು. ಮದುವೆಗೂ ಸಾವಿಗೂ ಮೊದಲು ಬಂದು ಕೊನೆಗೆ ಹೋಗುವವನು.

"ಹ್ಞಾಂ... ಇಲ್ಲ ಮಾರಾಯ, ಹುಟ್ಟಿಲ್ಲ... ಗಂಡೇ, ಆದ್ರೆ ಎಂಬತ್ತು ವರ್ಷದ್ದು... ಇರು, ಇನ್ನೊಂದು ಗುಂಡು ಬಾಕಿ ಉಂಟು." ಫೋನ್ ಇಟ್ಟು ಚಿಣ್ಣಪ್ಪನ ಕಡೆ ತಿರುಗಿದ. "ಏನು ಪೀಚೆಕತ್ತಿ, ಸತ್ತವನ ಮನೇಲೂ ಮರ್ಯಾದೆ ತೆಗೀತೀಯಲ್ಲ. ಕತ್ತಿ ತಂದಿದ್ಯಾ, ಬಿಚ್ಚಿ ನೋಡೋಕೆ?"

ಒಂದಿಬ್ಬರು ನಕ್ಕು, ಒಳಗೆ ಹೆಣವಿರುವುದು ನೆನಪಾಗಿ ಕೆಮ್ಮಿದರು.

"ಇಲ್ಲಿ ಕೊಡಿ ಮಾವ, ನೋಡ್ತೀನಿ," ಎಂದು ಬೆಳ್ಯಪ್ಪನ ಮಗ ಮಂದಣ್ಣ ಕೈ ಚಾಚಿದ. ಎಡನಳಿಗೆಯ ಕೇಪು ಕಿತ್ತು, ಬಾಯಿಯನ್ನು ಗುಡ್ಡದ ಕಡೆ ತಿರುಗಿಸಿ, ಕೋವಿಯನ್ನು ಜಗುಲಿಯ ಮೇಲೆ ಮಲಗಿಸಿದ. ಕುದುರೆಯ ಯಂತ್ರವನ್ನು ಮರಕ್ಕೆ ಹಿಡಿದಿದ್ದ ಸ್ಕ್ರೂವಿನ ತಲೆ ನಾಯಿ ಅಗಿದ ಎಲುಬಿನಂತಿತ್ತು.

•

ಅದು ವರ್ಷಗಳ ಹಿಂದಿನ ಮಾತು, ಕೈಲ್ ಮುಹೂರ್ತದ ಮುನ್ನಾದಿನ. ಮಾರನೆಯ ದಿನ ಕೋವಿಗಳಿಗೆ ಪೂಜೆ. ಆದ್ದರಿಂದ ವರ್ಷವಿಡೀ ಅಟ್ಟದಲ್ಲಿದ್ದ ಕೋವಿಗಳೆಲ್ಲ ಅಂದೇ ಕಾಯಿಲೆ ಬಿದ್ದು ಬೆಳ್ಯಪ್ಪನಲ್ಲಿಗೆ ಬಂದಿದ್ದವು.

ಹಳೆಯ ಸ್ಕ್ರೂ ಬಿಚ್ಚುವುದರಲ್ಲಿ ಬೆಳ್ಯಪ್ಪ ಗರ್ವಿಷ್ಠ. ಸ್ಕ್ರೂವಿನ ತಲೆಯ ಕಚ್ಚಿಗೆ ಸರಿಯಾಗಿ ಕೂರುವಂತೆ ಸ್ಕ್ರೂಡ್ರೈವರಿನ ಬಾಯಿ ಉಜ್ಜಬೇಕು, ಎಣ್ಣೆ ಬಿಡಬೇಕು, ಕಾದ ಕಂಬಿ ತಾಗಿಸಬೇಕು, ಮೆಲ್ಲಗೆ ತಟ್ಟಬೇಕು. ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ ಆಮೇಲೆ ಸಡಿಲಿಸಬೇಕು. ಬಾರದಿದ್ದರೆ ಮತ್ತೆ ಎಣ್ಣೆ ಬಿಟ್ಟು ನಾಳೆ ನೋಡಬೇಕು. ಜೋಡಿಸುವಾಗ ಪ್ರತಿ ಸ್ಕ್ರೂವಿನ ಕಚ್ಚೂ ನಳಿಗೆಯ ಉದ್ದಕ್ಕೇ ನಿಲ್ಲಬೇಕು. ಅಡ್ಡ ನಿಂತರೆ ಅದು ಕಮ್ಮಾರನ ಕೆಲಸ ಎನ್ನುತ್ತಿದ್ದ. ಕಮ್ಮಾರರು ಎದುರಿಗಿದ್ದರೂ ಎನ್ನುತ್ತಿದ್ದ.

ಅಂದು ನಾಳೆ ಎನ್ನುವಂತಿರಲಿಲ್ಲ. ಚಿಣ್ಣಪ್ಪ ಬಿಚ್ಚಿ ಎಣ್ಣೆ ಹಾಕಲೆಂದು ಕೋವಿ ಕೊಟ್ಟು ಹಿತ್ತಲಿನ ಬಚ್ಚಲಿಗೆ ಹೋದ. ಬರುವಷ್ಟರಲ್ಲಿ ಜಗುಲಿ ತುಂಬಿತ್ತು. ಬೆಳ್ಯಪ್ಪ ಕೋವಿಯನ್ನು ಎತ್ತಿ ಹಿಡಿದು ಅದರ ಹರಿದ ಸ್ಕ್ರೂತಲೆಯನ್ನು ಎಲ್ಲರಿಗೂ ತೋರಿಸುತ್ತಿದ್ದ.

"ಏನು ಚಿಣ್ಣಪ್ಪ, ಇದನ್ನ ಪೀಚೆಕತ್ತೀಲಿ ಬಿಚ್ಚೋಕೆ ಹೋಗಿದ್ಯಾ?"

ಮದುಮಗ ಸೊಂಟದ ಪಟ್ಟಿಗೆ ಸಿಕ್ಕಿಸಿಕೊಳ್ಳುವ ಬೆಳ್ಳಿಹಿಡಿಯ ಕತ್ತಿಯಿಂದ ಸ್ಕ್ರೂ ತಿರುಗಿಸುವ ಗಂಡಸನ್ನು ನೆನೆದು ಜಗುಲಿ ಬಿದ್ದು ಬಿದ್ದು ನಕ್ಕಿತು.

"ನಾನು ಮುಟ್ಟೇ ಇಲ್ಲ ಬೆಳ್ಯಪ್ಪಣ್ಣ."

"ಹಾಗಾದ್ರೆ ಕೋವಿ ತಾನೇ ತಲೆ ಚಚ್ಚಿಕೊಂಡಿತಾ?"

ಅಂದಿನಿಂದ ಪೀಚೆಕತ್ತಿ ಎಂದು ಹೆಸರು ಇಟ್ಟವನು ಅಪ್ಪಚ್ಚು. ಚಿಣ್ಣಪ್ಪನ ಮಗಳ ಮದುವೆಯಲ್ಲಿ ಅಳಿಯನ ಕಿವಿಯಲ್ಲಿ, "ಕತ್ತಿ ಜೋಪಾನ, ಮಾವ ಕೇಳ್ತಾರೆ," ಎಂದವನೂ ಅವನೇ. ಅಂದು ಮುಹೂರ್ತದ ಹೊತ್ತಿನಲ್ಲಿ ಚಿಣ್ಣಪ್ಪ ಅಡುಗೆಯ ಚಪ್ಪರದ ಹಿಂದೆ ನಿಂತಿದ್ದ. ಬೆಳ್ಯಪ್ಪ ಮುಂದಿನ ಸಾಲಿನಲ್ಲಿ ಕೂತು ಊಟದವರೆಗೂ ತಲೆಯೆತ್ತಲಿಲ್ಲ. ವಯಸ್ಸಾಯಿತು ಎಂದುಕೊಂಡರು.

•

ಮಂದಣ್ಣ ಸಣ್ಣ ಸುತ್ತಿಗೆಯಿಂದ ಸ್ಕ್ರೂವಿನ ಎದ್ದ ಅಂಚುಗಳನ್ನು ತಟ್ಟಿ ತಟ್ಟಿ ಒಳಕ್ಕೆ ಕೂರಿಸಿದ. ಸ್ಕ್ರೂಡ್ರೈವರಿನ ಬಾಯಿ ಕಚ್ಚಿನಲ್ಲಿ ಪೂರ್ತಿ ಇಳಿಯಲಿಲ್ಲ. ಕಿಲುಬು ಇರಬೇಕೆಂದು ಸೂಜಿ ಹಾಕಿ ಕೆದಕಿದ. ಅಕ್ಕಿನುಚ್ಚಿನಷ್ಟು ಉಕ್ಕಿನ ಚೂರೊಂದು ಹೊರಗೆ ಬಂದು ಅಂಗೈಗೆ ಬಿತ್ತು. ಒಂದು ಅಂಚು ನೇರವಾಗಿತ್ತು. ಅರದಿಂದ ಉಜ್ಜಿದ ಗೆರೆಗಳಿದ್ದವು.

"ಸಿಕ್ತಾ?" ಅಪ್ಪಚ್ಚು ಬಗ್ಗಿದ. "ನಾನು ಹೇಳಲಿಲ್ವಾ, ಪೀಚೆಕತ್ತಿ ಮೊನೆ!"

ಉಜ್ಜಿದ ಆ ಗೆರೆಗಳನ್ನು ಮಂದಣ್ಣ ಬಲ್ಲ. ಹೌದು ಎಂದರೆ ಮುಗಿಯುತ್ತಿತ್ತು. ಅವನು ಅಂಗೈ ಮುಚ್ಚಿದ.

ಬಾಗಿಲಿಗೆ ಬೆಳ್ಯಪ್ಪನ ಹೆಂಡತಿ ಪೊನ್ನವ್ವ ಬಂದಳು. ಹೆಣದ ತಲೆದೆಸೆಯಿಂದ ಎದ್ದು ಬರಬಾರದೆಂದು ಹಿಂದಿನಿಂದ ಯಾರೋ ಹೇಳುತ್ತಿದ್ದರು. ಅವಳ ಕೈಯಲ್ಲಿ ಎಣ್ಣೆಬಟ್ಟೆ ಸುತ್ತಿದ ಒಂದು ಸ್ಕ್ರೂಡ್ರೈವರ್ ಇತ್ತು.

"ಇದಕ್ಕೆ ಇಟ್ಟು ನೋಡು," ಎಂದಳು ಮಗನಿಗೆ.

ಬಾಯಿಯ ಒಂದು ಮೂಲೆ ಮುರಿದಿತ್ತು. ಮಂದಣ್ಣ ಚೂರನ್ನು ಸೂಜಿಮೊನೆಯಿಂದ ಅಲ್ಲಿಗೆ ತಳ್ಳಿದ. ಹೋಗಿ ಕೂತಿತು.

"ಕಾಫಿ ಹಿಡ್ಕೊಂಡು ಬಾಗಿಲಿಗೆ ಬಂದಿದ್ದೆ ಅವತ್ತು," ಎಂದಳು ಪೊನ್ನವ್ವ. "ಇವರ ಕೈಲಿ ಇದು ಜಾರಿದ್ದು ನೋಡ್ದೆ. ಆಮೇಲೆ ಅಂದ ಮಾತೂ ಕೇಳ್ದೆ. ಬಿಸಾಡಿ ಅಂದ್ರೆ ಬಿಸಾಡ್ಲಿಲ್ಲ, ಹೋಗಿ ಹೇಳಿ ಅಂದ್ರೆ ಹೇಳ್ಲೂ ಇಲ್ಲ. ನಾನಾದ್ರೂ ಹೇಳ್ಬಹುದಿತ್ತು, ಚಿಣ್ಣಪ್ಪಣ್ಣ. ಗಂಡನ ಮರ್ಯಾದೆ ಅಂತ ಸುಮ್ನಿದ್ದೆ."

ಅಪ್ಪಚ್ಚುವಿನ ಫೋನ್ ಮತ್ತೆ ಬಡಿದುಕೊಂಡಿತು. ಅವನು ಜೇಬಿನ ಮೇಲೆ ಅಂಗೈಯೊತ್ತಿ ತನ್ನ ಚಪ್ಪಲಿಯನ್ನು ನೋಡುತ್ತ ನಿಂತ.

ಚಿಣ್ಣಪ್ಪ ಆ ಸ್ಕ್ರೂಡ್ರೈವರಿನ ಮುರಿದ ಮೂಲೆಯನ್ನು ಹೆಬ್ಬೆರಳಿನಿಂದ ಸವರಿ ನೋಡಿದ.

"ನನಗೇ ಅನುಮಾನ ಬಂದುಬಿಟ್ಟಿತ್ತು ತಂಗಿ," ಎಂದ. "ಕುಡಿದಾಗ ಯಾವಾಗಲೋ ನಾನೇ ಹಾಕಿದ್ನೇನೋ ಅಂತ. ಕತ್ತಿ ತೆಗೆದು ಎಷ್ಟು ಸಲ ಮೊನೆ ನೋಡಿದ್ದೀನಿ."

ಮಂದಣ್ಣ ಏನೋ ಹೇಳಲು ಹೋದ. ಚಿಣ್ಣಪ್ಪ ಕೈ ಅಡ್ಡ ಹಿಡಿದ.

"ಮೊದಲು ಅದನ್ನ ಬಿಚ್ಚು ಕುಂಞಿ. ಗಂಡುಮಗು ನೋಡೋಕೆ ಜನ ಹೊರಟು ಬಂದಾರು."

ಮಂದಣ್ಣ ಎಣ್ಣೆ ಬಿಟ್ಟ. ಕಂಬಿ ಕಾಯಿಸಿ ತಾಗಿಸಿದ. ಬೇರೊಂದು ಸ್ಕ್ರೂಡ್ರೈವರಿನ ಬಾಯಿಯನ್ನು ಉಜ್ಜಿ, ಇಟ್ಟು ನೋಡಿ, ಮತ್ತೆ ಉಜ್ಜಿದ. ಹೆಣ ಕಾಯಿತು, ಊರು ಕಾಯಿತು. ಕೂದಲೆಳೆಯಷ್ಟು ಬಿಗಿ ಮಾಡಿದ. ಆಮೇಲೆ ಸ್ಕ್ರೂ ಒಂದು ಸಣ್ಣ ಕಿರುಚಿನೊಂದಿಗೆ ತಿರುಗಿತು. ಒಳಗಿನ ತುಕ್ಕು ಒರೆಸಿ, ಎಣ್ಣೆ ಸವರಿ, ತಿರುಗಿ ಜೋಡಿಸಿದ. ಕಚ್ಚನ್ನು ನಳಿಗೆಯ ಉದ್ದಕ್ಕೆ ತರಲು ನೋಡಿದ. ಹರಿದ ತಲೆ ಅಷ್ಟಕ್ಕೇ ಬಿಗಿಯಿತು. ಕಚ್ಚು ಓರೆಯಾಗಿಯೇ ನಿಂತಿತು. ಅದನ್ನು ಹಾಗೆಯೇ ಬಿಟ್ಟು, ಬರಿದಾಗಿದ್ದ ಬಲನಳಿಗೆಗೂ ಮದ್ದು ತುಂಬಿ, ಎರಡಕ್ಕೂ ಕೇಪು ಕೂರಿಸಿ, ಕೋವಿಯನ್ನು ಎರಡೂ ಕೈಯಲ್ಲಿ ಎತ್ತಿ ಚಿಣ್ಣಪ್ಪನಿಗೆ ಕೊಟ್ಟ.

ಎರಡೂ ಗುಂಡು ಹಾರಿದವು.

ಮಧ್ಯಾಹ್ನದೊಳಗೆ ಊರೆಲ್ಲ ಬಂದು ಸೇರಿತು. ಚಿಣ್ಣಪ್ಪನನ್ನು ಅಂದು ಯಾರೂ ಪೀಚೆಕತ್ತಿ ಎಂದು ಕರೆಯಲಿಲ್ಲ. ಬೇರೆ ಹೆಸರು ಬಾಯಿಗೆ ಬಾರದೆ, ಬಹಳ ಮಂದಿ ಅವನನ್ನು ಮಾತೇ ಆಡಿಸಲಿಲ್ಲ.