ತೊಳೆಯದ ಪೊರೆ

ಕಮಲಾಪುರದ ಅಂಬಮ್ಮನಿಗೆ ಹತ್ತು ವರ್ಷದ ಹಿಂದೆ ಎದೆ ತೆರೆದು, ಪ್ರಾಣಿಯ ಪೊರೆಯಿಂದ ಮಾಡಿದ ಕವಾಟ ಕೂರಿಸಿದ್ದರು. ಈಗ ಅದು ಸುಣ್ಣ ಹಿಡಿದು ಬಿರುಸಾಗುತ್ತಿತ್ತು. ಬಾಳೆತೋಟದಿಂದ ಮನೆಯ ಕಟ್ಟೆ ಏರುವಷ್ಟರಲ್ಲಿ ಎರಡು ಸಲ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದಳು.

"ನನ್ನ ಎದಿಯಾಗಿನ ಕದಾ ಹಳೇದಾಗ್ಯದ ಬಿಡವ್ವಾ," ಎಂದಳು ಮಗಳು ಪ್ರೀತಿಗೆ. "ಇನ್ನೊಮ್ಮಿ ಸೀಳ್ತಾರಂತ. ಹೋಗ್ಲಿ, ನೀ ಮಾಡೋ ಕದಾನರೆ ಒಬ್ಬರ ಜಲ್ಮ ಪೂರ್ತಿ ತಡೀತದೇನು?"

ಪ್ರೀತಿ ಗೊನೆಯಿಂದ ಒಂದು ಕೆಂಪು ಬಾಳೆಹಣ್ಣು ಕಿತ್ತು ಅವ್ವನ ಕೈಗಿಟ್ಟಳು. ಕಲಬುರಗಿಯ ಪ್ರಯೋಗಾಲಯದಲ್ಲಿ ಅವಳು ಆಡಿನ ಗುಂಡಿಗೆಯ ಪೊರೆಯಿಂದ ಹೆಚ್ಚು ಬಾಳುವ ಕವಾಟ ಮಾಡಲು ಹೆಣಗುತ್ತಿದ್ದಳು. ಅಲ್ಲಿನ ಯಂತ್ರ ಕವಾಟವನ್ನು ಉಪ್ಪುನೀರಿನಲ್ಲಿ ಬಿಡದೆ ತೆರೆದುಮುಚ್ಚಿ, ಒಂದು ವರ್ಷದ ಎದೆಬಡಿತವನ್ನು ಮೂರು ವಾರದಲ್ಲಿ ಮುಗಿಸುತ್ತಿತ್ತು. ಅವಳ ಯಾವ ಕವಾಟವೂ ಹರಿಯದೆ ಆ ಒಂದು ವರ್ಷ ದಾಟಿರಲಿಲ್ಲ. ಇನ್ನೊಂದೇ ಸಲ ನೋಡೋಣ, ಆಮೇಲೆ ಈ ಕೆಲಸ ನಿಲ್ಲಿಸೋಣ ಎಂದು ಪ್ರಯೋಗಾಲಯದ ಹಿರಿಯರು ಹೇಳಿಬಿಟ್ಟಿದ್ದರು.

ಅವಳು ಹದಮಾಡುವ ಔಷಧ ಬದಲಿಸಿದ್ದಳು, ಹೊಲಿಗೆ ಬದಲಿಸಿದ್ದಳು. ನೋಡದೆ ಉಳಿದದ್ದು ಪೊರೆ ಬರುವ ಜಾಗವೊಂದೇ. ಮೋಮಿನಪುರದ ನಬಿಸಾಬನ ಮಾಂಸದ ಅಂಗಡಿಗೆ ಆರು ತಿಂಗಳಿಂದ ಜವಾನ ಮರೆಪ್ಪನನ್ನೇ ಕಳಿಸುತ್ತಿದ್ದಳು. ಮಾಂಸ ತಿನ್ನದ ಮನೆಯವಳು. ಆ ವಾಸನೆಗೆ ಹಿಂಜರಿದಿದ್ದಳು.

ಮರುದಿನ ಬೆಳಿಗ್ಗೆ ತಾನೇ ಹೋಗಿ, ಮರೆಪ್ಪನನ್ನು ಕಳಿಸುವವಳು ತಾನೇ ಎಂದು ಹೇಳಿಕೊಂಡಳು. ನಬಿಸಾಬ ಗಡಿಬಿಡಿಯಲ್ಲಿ ಸ್ಟೂಲು ಒರೆಸಿ ಕೊಟ್ಟ.

"ನೀವ್ಯಾಕ ಬಂದ್ರೀ ಅಕ್ಕಾರ? ಮರೆಪ್ಪಗ ಜ್ವರೇನು?"

"ಇಲ್ರೀ ಚಾಚಾ. ಹೆಂಗ ತೆಗೀತೀರಿ ನೋಡೋಣಂತ ಬಂದೆ."

ಅವನ ಚೂರಿ ಗುಂಡಿಗೆಯ ಸುತ್ತ ಹಗುರವಾಗಿ ಹರಿಯಿತು. ಎಲ್ಲೂ ಗೀರಿಲ್ಲದೆ ಪೊರೆ ಬಿಡಿಸಿಬಂತು. ಆಮೇಲೆ ಅವನು ಪೊರೆಯನ್ನು ಬೋರಿನ ನಳದ ಕೆಳಗೆ ಹಿಡಿದು, ಹೆಬ್ಬೆರಳಿನಿಂದ ಗಸಗಸ ತಿಕ್ಕತೊಡಗಿದ. ಆ ನಳದ ಬಾಯಿಗೆ ಸುಣ್ಣ ಬೆಳ್ಳಗೆ ಗಟ್ಟಿಕಟ್ಟಿತ್ತು.

"ಚಾಚಾ, ದಿನಾ ಹಿಂಗೇ ತೊಳೀತೀರಾ?"

"ಮತ್ತ? ತೊಳದ ಮ್ಯಾಲೇ ನಿಮ್ಮ ಉಪ್ಪುನೀರಿನ ಡಬ್ಬ್ಯಾಗ ಹಾಕೋದು. ನೀವು ಲಿಂಗವಂತರಂತ ಮರೆಪ್ಪ ಹೇಳ್ಯಾನ, ನಿಮ್ಮ ಕೈಗೆ ರಗತದ ಚೀಜ್ ಹೆಂಗ ಕೊಡ್ಲಿ? ಸಾಫ್ ಮಾಡೇ ಕೊಡ್ತೀನ್ರೀ."

ಬರಿಯ ನೀರಿನಲ್ಲಿ ಎಳೆಗಳು ಉಬ್ಬಿ ಸಡಿಲವಾಗುತ್ತವೆ; ತಿಕ್ಕಿದರೆ ನಯವಾದ ಮೇಲ್ಪದರ ಕಿತ್ತುಬರುತ್ತದೆ. ಅವಳು ಮೆಲ್ಲಗೆ ವಿವರಿಸಿದಳು. ನಬಿಸಾಬನ ಮುಖ ಬಾಡಿತು.

"ಹಂಗಾರ ಆರು ತಿಂಗಳು ನಾನೇ ಕೆಡಿಸೀನಿ."

"ನಾ ಒಂದಿನಾನೂ ಬಂದು ಹೇಳಲಿಲ್ಲಲ್ರೀ ಚಾಚಾ. ತಪ್ಪು ನಂದು. ನಾಳಿಂದ ರಗತದ ಸಮೇತ ಕೊಡ್ರಿ. ನಾನೇ ಬರ್ತೀನಿ."

"ಮೂಗು ಮುಚಗೊಂಡು ಬರ್ತೀರೇನು?" ಎಂದ ಅವನು, ಸ್ವಲ್ಪ ನಕ್ಕು.

ಹೊಸ ಪೊರೆಯ ಕವಾಟಗಳನ್ನು ಯಂತ್ರಕ್ಕೇರಿಸಿದರು. ಮೂರು ವಾರವಾಯಿತು, ಆರಾಯಿತು. ಒಂದೂ ಹರಿಯಲಿಲ್ಲ. ಹಿರಿಯರು ನಿಲ್ಲಿಸುವ ಮಾತು ಬಿಟ್ಟರು. ಈ ಕವಾಟ ಮನುಷ್ಯರ ಎದೆ ಸೇರಲು ಇನ್ನೂ ಬಹಳ ವರ್ಷ ಬೇಕು. ಅಂಬಮ್ಮನಿಗೆ ಈ ಸಲ ದೊರೆಯುವುದು ಬೇರೆ ಕವಾಟವೇ. ಪ್ರೀತಿ ಅದನ್ನು ಮುಚ್ಚಿಡದೆ ಹೇಳಿದಳು.

"ನನಗ ಬ್ಯಾಡವ್ವಾ, ನನ್ನ ಹಿಂದ ಬರೋರಿಗಾಗ್ಲಿ," ಎಂದು ಅಂಬಮ್ಮ ಆಪರೇಷನ್ನಿನ ತಾರೀಖಿಗೆ ಒಪ್ಪಿಕೊಂಡಳು. ಮಗಳ ಕೈಯಲ್ಲಿ ನಬಿಸಾಬನಿಗೊಂದು ಬಾಳೆಗೊನೆಯನ್ನೂ ಕಳಿಸಿದಳು.

ಗೊನೆಯನ್ನು ಕೊಕ್ಕೆಗೆ ತೂಗುಹಾಕುತ್ತ ನಬಿಸಾಬ ಕೇಳಿದ: "ನಮ್ಮ ಆಡಿಗೆ ಈಗ ಎಷ್ಟು ವರ್ಷ ಆತ್ರೀ?"

"ಯಂತ್ರದ ಲೆಕ್ಕಕ್ಕ ಎರಡು ದಾಟ್ಯದ."

ಅವನು ಕೈ ಒರೆಸಿಕೊಂಡ. "ಅದು ನನ್ನ ಅಂಗಡಿಗೆ ಬಂದಾಗ ಒಂದೂವರಿ ವರ್ಷದ್ದಿತ್ತು, ಅಕ್ಕಾರ."